ಸಾವಿರ ಸಿಸಿ ಕಾರು, ಸಾವಿರ ಪೌಂಡು ಚಂದಾ

ಹಳೇ ಕಾರಲ್ಲಿ ನಾನು ಹೋಗಿಬಂದ ಮಂಗೋಲ್ ರ‍್ಯಾಲಿ ಬಗ್ಗೆ ಹೇಳ್ತೀನಿ, ಮೊದಲು ಅದರ ರೂಲ್ಸ್ ಹೇಳಿಬಿಡ್ತೀನಿ. ಯಾಕಂದ್ರೆ ರ‍್ಯಾಲಿ ಅಂದ ತಕ್ಷಣ ಇಲ್ಲಿ ಕೂತಿರೋ ಹುಡುಗರಿಗೆಲ್ಲ ಕೊಯ್ಲು ಮುಗಿದ ಗದ್ದೆಲಿ ಧೂಳೆಬ್ಬಿಸೋ ಆಟೋಕ್ರಾಸ್ ಕಣ್ಮುಂದೆ ಬರುತ್ತೆ, ಸ್ಟಾಪ್‌ವಾಚು, ಹೆಲ್ಮೆಟ್ಟು, ರೋಲ್ ಕೇಜು, ಫಸ್ಟ್ ಬಂದೋರಿಗೆ ಕಪ್ಪು. ಮಂಗೋಲ್ ರ‍್ಯಾಲಿಲಿ ಅದ್ಯಾವುದೂ ಇಲ್ಲ. ಫಸ್ಟ್ ಬಂದ್ರೂ ಯಾರೂ ಕಪ್ಪು ಕೊಡಲ್ಲ, ಲಾಸ್ಟ್ ಬಂದ್ರೂ ಯಾರೂ ಬೈಯಲ್ಲ. ಇರೋದು ಮೂರೇ ರೂಲ್ಸು. ಗಾಡಿ ಸಣ್ಣದಿರಬೇಕು, ಒಂದು ಲೀಟರ್ ಅಂದ್ರೆ 1000 ಸಿಸಿ ಒಳಗೆ. ಹಿಂದೆ ಸರ್ವೀಸ್ ಗಾಡಿ, ಡಾಕ್ಟರು, ಮೆಕ್ಯಾನಿಕ್ಕು ಅಂತ ಯಾರೂ ಬರಲ್ಲ, ದಾರಿನೂ ನೀವೇ ಹುಡುಕ್ಕೋಬೇಕು. ಮೂರನೇದು, ಒಂದೊಂದು ಟೀಮೂ ಕನಿಷ್ಠ 1000 ಪೌಂಡ್ ಚಾರಿಟಿಗೆ ಎತ್ತಬೇಕು, ಇವತ್ತಿನ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತೆ. ನಾನು ಹೋದ ಕಾಲಕ್ಕೆ ಇಂಗ್ಲೆಂಡ್ ಕಡೆಯಿಂದ ಹೊರಟು ಮಂಗೋಲಿಯಾ ದಾಟೋ ತನಕ, ಹಿಡಿಯೋ ದಾರಿ ಮೇಲೆ 15-16 ಸಾವಿರ ಕಿಲೋಮೀಟರ್ ಆಗ್ತಿತ್ತು.

ಇದನ್ನ ಶುರು ಮಾಡಿದ್ದು ಟಾಮ್ ಮಾರ್ಗನ್ ಅಂತ ಒಬ್ಬ ಇಂಗ್ಲಿಷಿನವನು. 2001ರಲ್ಲಿ ಒಂದು ಪುಟಾಣಿ ಫಿಯಟ್ 126 ಹತ್ತಿ ಮಂಗೋಲಿಯಾಗೆ ಹೋಗ್ತೀನಿ ಅಂತ ಹೊರಟ, ತಲುಪಲೇ ಇಲ್ಲ. ಅಷ್ಟಕ್ಕೆ ಸುಮ್ನಿರದೆ 2004ರಲ್ಲಿ ಇನ್ನೊಂದಷ್ಟು ಜನರನ್ನ ಸೇರಿಸಿದ, ಆರು ಟೀಮು ಹೊರಟವು, ನಾಲ್ಕು ತಲುಪಿದವು. ಆಮೇಲೆ ಅದು ನೂರಾರು ಗಾಡಿಗಳ ಜಾತ್ರೆ ಆಯ್ತು. ಈ ಟಾಮ್ ಕಂಪನಿದೇ ಇನ್ನೊಂದು ಇದೆ, ನೀವು ನೋಡಿರಬಹುದು, ಮೈತುಂಬ ಬಣ್ಣ ಬಳಿದ ಆಟೋದಲ್ಲಿ ಬಿಳಿ ಹುಡುಗ ಹುಡುಗೀರು ಕೊಚ್ಚಿಯಿಂದ ಜೈಸಲ್ಮೇರ್ ಅಂತ ಹೋಗ್ತಾರಲ್ಲ, ಅದು ರಿಕ್ಷಾ ರನ್, ಅದೇ ಕಂಪನಿದು.

ಆದ್ರೆ ಈ ಹುಚ್ಚು ಹೊಸದೇನಲ್ಲ. 1907ರಲ್ಲಿ ಪ್ಯಾರಿಸ್ಸಿನ ಒಂದು ಪೇಪರಿನವರು ಪೀಕಿಂಗ್‌ನಿಂದ ಪ್ಯಾರಿಸ್‌ಗೆ ಕಾರಲ್ಲಿ ಬರೋರು ಯಾರಾದ್ರೂ ಇದ್ದೀರಾ ಅಂತ ಸವಾಲು ಹಾಕಿದ್ರು, ಐದು ಗಾಡಿ ಹೊರಟವು. ಆಗ ರೋಡೇ ಇಲ್ಲ, ಟೆಲಿಗ್ರಾಫ್ ಕಂಬ ಹಿಡ್ಕೊಂಡು ಹೋಗೋದು, ಪೆಟ್ರೋಲ್ ಡಬ್ಬಗಳನ್ನ ಮೊದಲೇ ಒಂಟೆ ಮೇಲೆ ಕಳಿಸಿ ಅಲ್ಲಲ್ಲಿ ಇಟ್ಟಿದ್ರಂತೆ. ಗೆದ್ದಿದ್ದು ಇಟಲಿಯ ಒಂದು ದೊಡ್ಡ ಮನೆತನದ ಪ್ರಿನ್ಸ್ ಬೋರ್ಗೀಸೆ ಅನ್ನೋನು, ಇಟಾಲಾ ಅನ್ನೋ ಕಾರಲ್ಲಿ. ನನಗೆ ಇಷ್ಟ ಆಗಿದ್ದು ಅವನು ಗೆದ್ದಿದ್ದಲ್ಲ. ಸೈಬೀರಿಯಾದಲ್ಲಿ ಮರದ ಸೇತುವೆ ಮುರಿದು ಕಾರು ಹಿಂದುಮುಂದಾಗಿ ಹಳ್ಳಕ್ಕೆ ಬಿತ್ತು, ಆಮೇಲೆ ರಷ್ಯಾದಲ್ಲಿ ಮರದ ಚಕ್ರ ಪುಡಿ ಆಯ್ತು, ಆಗ ಗಾಡಿ ಕಟ್ಟೋ ಒಬ್ಬ ಹಳ್ಳಿಯವನು ಕೊಡಲಿ ಹಿಡ್ಕೊಂಡು ಹೊಸ ಚಕ್ರ ಕೆತ್ತಿಕೊಟ್ಟ. ರಾಜಕುಮಾರನ ಹೆಸರು ಎಲ್ಲಾ ಕಡೆ ಇದೆ, ಆ ಕೊಡಲಿಯವನ ಹೆಸರು ಎಲ್ಲೂ ಸಿಗಲಿಲ್ಲ ನನಗೆ. ಮೆಕ್ಯಾನಿಕ್ ಆಗಿ ಹೊಟ್ಟೆ ಉರಿಯುತ್ತೆ, ಅದು ಬಿಡಿ.

ಡಾಕಾರ್ ರ‍್ಯಾಲಿ ಬೇರೆ, ಅದನ್ನ ಇದಕ್ಕೆ ಸೇರಿಸಬೇಡಿ. ಅದು ನಿಜವಾದ ರೇಸು, ಪ್ರಾಣದ ಆಟ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನ ಮುಗಿಸಿದ ಮೊದಲ ಇಂಡಿಯನ್ನು. ಅದಕ್ಕೆ ಸ್ಪಾನ್ಸರ್ ಬೇಕು, ವರ್ಷಗಟ್ಟಲೆ ಟ್ರೈನಿಂಗ್ ಬೇಕು. ಇದಕ್ಕೆ ಬೇಕಾಗಿರೋದು ಹಳೇ ಕಾರು, ರಜೆ, ಮತ್ತೆ ನಾಲ್ಕು ಜನರ ಹತ್ರ ನಾಚಿಕೆ ಬಿಟ್ಟು ದುಡ್ಡು ಕೇಳೋ ಧೈರ್ಯ.

ನಾನು ಸೇರಿದ್ದು ಕೊರೊನಾಕ್ಕೆ ಮುಂಚೆ. ಚಿಕ್ಕಪ್ಪನ ಮಗ ಇಂಗ್ಲೆಂಡಲ್ಲಿ ಆಸ್ಪತ್ರೆಲಿ ಕೆಲಸ ಮಾಡ್ತಾನೆ, ಅವನೂ ಅವನ ಜೊತೆ ಕೆಲಸ ಮಾಡೋ ಒಬ್ಬಳು ಹುಡುಗಿನೂ ಹೆಸರು ಕೊಟ್ಟಿದ್ರು, ಇಬ್ಬರಿಗೂ ಬಾನೆಟ್ ತೆಗೆಯೋ ಲಿವರ್ ಎಲ್ಲಿದೆ ಅಂತಾನೂ ಗೊತ್ತಿಲ್ಲ, ಅದಕ್ಕೆ ಅಣ್ಣ ನೀನು ಬಾ ಅಂದ. ಕೊಡಗಿನ ಗೋಣಿಕೊಪ್ಪದಲ್ಲಿ ಗ್ಯಾರೇಜ್ ಇಟ್ಕೊಂಡಿರೋನಿಗೆ ಬ್ರಿಟನ್ ವೀಸಾ ಸಿಗೋದೇ ದೊಡ್ಡ ರ‍್ಯಾಲಿ. ಯುರೋಪಿನೋರು ಪಾಸ್‌ಪೋರ್ಟ್ ತೋರಿಸಿ ನಗ್ತಾ ದಾಟೋ ಬಾರ್ಡರಲ್ಲಿ ನಾವು ಫೈಲ್ ಬಿಚ್ಚಿ ನಿಲ್ಲಬೇಕು. ಯಾರಾದ್ರೂ ಹೋಗೋರಿದ್ರೆ ಹೇಳ್ತೀನಿ, ಕಾರಿಗಿಂತ ಮೊದಲು ವೀಸಾ ಪಟ್ಟಿ ಮಾಡಿ, ಯಾವ ದೇಶದ್ದು ಯಾವ ತಾರೀಖಿಂದ ಯಾವ ತಾರೀಖಿಗೆ ಅಂತ ಗೋಡೆಗೆ ಅಂಟಿಸಿ, ಆ ತಾರೀಖುಗಳೇ ನಿಮ್ಮ ದಾರಿ ನಿರ್ಧಾರ ಮಾಡ್ತವೆ.

ಕಾರು ಅವರು ಮೊದಲೇ ತಗೊಂಡಿದ್ರು, ಸುಜುಕಿ ಆಲ್ಟೊ, ಹಳೇದು. ಹೋಗಿ ನೋಡ್ತೀನಿ, ನಮ್ಮ ಮಾರುತಿ ಎ-ಸ್ಟಾರ್! ಚಾಸಿಸ್ ನಂಬರ್ ಎಂಎ3 ಅಂತ ಶುರು ಆಗುತ್ತೆ, ಅಂದ್ರೆ ಮಾರುತಿ, ಹರಿಯಾಣದ ಮಾನೇಸರಲ್ಲಿ ಮಾಡಿ ಯುರೋಪಿಗೆ ಕಳಿಸಿದ ಗಾಡಿ. ಅವರಿಗೆಲ್ಲ ಅದು ಫಾರಿನ್ ಕಾರು, ನನಗೆ ಕಣ್ಣು ಮುಚ್ಚಿ ಕ್ಲಚ್ ಪ್ಲೇಟ್ ಬದಲಾಯಿಸೋ ಗಾಡಿ. ಮೂರು ಸಿಲಿಂಡರ್, ಟೈಮಿಂಗ್ ಚೈನು, ಬೆಲ್ಟ್ ಕಟ್ ಆಗೋ ತಲೆನೋವಿಲ್ಲ. ನಾನು ಮಾಡಿದ್ದು ಇಷ್ಟೇ, ಕೆಳಗೆ ಎಂಜಿನ್ ಆಯಿಲ್ ಚೇಂಬರ್‌ಗೆ ದಪ್ಪ ಶೀಟಿನ ಗಾರ್ಡ್ ಹಾಕಿದೆ, ಹಿಂದಿನ ಸ್ಪ್ರಿಂಗ್ ಸ್ವಲ್ಪ ಗಟ್ಟಿದು ಹಾಕಿದೆ, ಸ್ಟೆಪ್ನಿ ಎರಡು ಮಾಡಿದೆ, ಹಿಂದಿನ ಸೀಟಲ್ಲಿ ಒಬ್ಬರು ಕೂರೋ ಜಾಗ ಬಿಟ್ಟು ಮಿಕ್ಕಿದ್ದು ಸಾಮಾನು. ಇಲ್ಲಿಂದ ಹೋಗ್ತಾ ಎಂ-ಸೀಲ್, ಕಟ್ಟುಕಂಬಿ, ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಒಯ್ದಿದ್ದೆ, ಅಮ್ಮ ಕೊಟ್ಟ ಖಾರದಪುಡಿ, ಅರಿಶಿನಪುಡಿ, ಅಡುಗೆಗೆ ಹಾಕೋ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಬೇರೆ. ಏರ್‌ಪೋರ್ಟಲ್ಲಿ ಆ ಕಾಚಂಪುಳಿ ಬಾಟ್ಲಿ ನೋಡಿ ಇದು ಎಂಜಿನ್ ಆಯಿಲ್ಲಾ ಅಂತ ಕೇಳಿದ್ರು, ಕಪ್ಪಗೆ ಮಂದಕ್ಕೆ ಇರುತ್ತಲ್ಲ, ಅವರದ್ದೇನು ತಪ್ಪಿಲ್ಲ.

ದಾರಿ ಎಲ್ಲಾ ಹೇಳ್ತಾ ಕೂತ್ರೆ ಕತ್ತಲಾಗುತ್ತೆ. ಯುರೋಪ್ ಹೈವೇ, ಅದ್ರ ಬಗ್ಗೆ ಹೇಳೋಕೆ ಏನೂ ಇಲ್ಲ. ಒಂದು ಮಾತ್ರ, ಇಂಗ್ಲೆಂಡಿನ ಕಾರು ನಮ್ಮ ತರ ಬಲಗಡೆ ಸ್ಟೇರಿಂಗು, ಕಡಲು ದಾಟಿದ ಮೇಲೆ ಗಾಡಿ ಓಡಿಸೋದು ರೋಡಿನ ಬಲಕ್ಕೆ, ಲಾರಿ ಓವರ್‌ಟೇಕ್ ಮಾಡಬೇಕಂದ್ರೆ ಡ್ರೈವರ್‌ಗೆ ಎದುರಿಂದ ಬರೋದು ಕಾಣಲ್ಲ. ಎಡಗಡೆ ಕೂತೋರೇ ಕಣ್ಣು, ಅವರು ಹೋಗು ಅಂದ್ರೆ ಹೋಗೋದು. ಅಲ್ಲಿ ಕೂತು ನಿದ್ದೆ ಮಾಡೋ ಹಾಗಿಲ್ಲ ಅಂತ ನಾವು ಮೊದಲ ದಿನವೇ ಕಾನೂನು ಮಾಡಿದ್ವಿ.

ಟರ್ಕಿ, ಜಾರ್ಜಿಯಾ ದಾಟಿ ಅಜರ್‌ಬೈಜಾನಿಗೆ ಬಂದ್ವಿ, ಎದುರಿಗೆ ಕ್ಯಾಸ್ಪಿಯನ್ ಸಮುದ್ರ. ಆಚೆ ದಡದಲ್ಲಿ ಕಝಾಕಿಸ್ತಾನದ ಅಕ್ತಾವ್. ಮಧ್ಯೆ ಹಡಗು ಇದೆ, ಟೈಂಟೇಬಲ್ ಇಲ್ಲ. ಅದು ಗೂಡ್ಸ್ ಹಡಗು, ಲಾರಿ, ರೈಲ್ವೆ ವ್ಯಾಗನ್ ತುಂಬಿದ ಮೇಲೆ, ಗಾಳಿ ಸರಿ ಇದ್ರೆ ಹೊರಡುತ್ತೆ. ಬಾಕು ಪಟ್ಟಣದಿಂದ ಆಚೆ ಅಲಾತ್ ಅನ್ನೋ ಪೋರ್ಟಲ್ಲಿ ಬಯಲಲ್ಲಿ ಗಾಡಿ ನಿಲ್ಲಿಸ್ಕೊಂಡು ಕಾಯೋದು, ಯಾವಾಗ ಅಂತ ಕೇಳಿದ್ರೆ ಕೈ ಮೇಲೆ ಮಾಡಿ ದೇವರ ಕಡೆ ತೋರಿಸ್ತಾರೆ. ಅಲ್ಲೇ ಟರ್ಕಿ, ಜಾರ್ಜಿಯಾದ ಲಾರಿ ಡ್ರೈವರ್‌ಗಳು ಚಹಾ ಕಾಯಿಸ್ಕೊಂಡು ಇಸ್ಪೀಟ್ ಆಡ್ಕೊಂಡು ಕೂತಿರ್ತಾರೆ, ಅವರಿಗೆ ಇದು ಸಾಹಸ ಅಲ್ಲ, ತಿಂಗಳ ಸಂಬಳ. ನಮ್ಮ ಕಾರಿನ ಮೇಲೆ ಅಂಟಿಸಿದ್ದ ಸ್ಟಿಕ್ಕರ್ ಎಲ್ಲಾ ನೋಡಿ ಒಬ್ಬ ಕೇಳಿದ, ಇಷ್ಟು ದೂರ ಹೋಗ್ತೀರಲ್ಲ, ಏನು ಲೋಡು? ಲೋಡಿಲ್ಲ ಅಂದ್ವಿ. ಅವನಿಗೆ ಅರ್ಥಾನೇ ಆಗ್ಲಿಲ್ಲ.

ಉಜ್ಬೇಕಿಸ್ತಾನ್ ಬಗ್ಗೆ ನಮ್ಮ ಗ್ಯಾರೇಜ್ ಹುಡುಗರಿಗೆ ಹೇಳ್ಲೇಬೇಕು. ಅಲ್ಲಿ ರೋಡ್ ತುಂಬ ಡಮಾಸ್ ಅಂತ ಒಂದು ವ್ಯಾನು, ಅಲ್ಲೇ ತಯಾರಾಗೋದು. ಬಾಗಿಲು ತೆಗೆದು ನೋಡಿದ್ರೆ ನಮ್ಮ ಓಮ್ನಿ ಕುಟುಂಬದ್ದೇ, ಸುಜುಕಿ ಕ್ಯಾರಿಯಿಂದ ಬಂದಿದ್ದು, ಸೀಟಿನ ಕೆಳಗೆ ಅದೇ 796 ಸಿಸಿ ಮೂರು ಸಿಲಿಂಡರ್. ಜೊತೆಗೆ ಮಾಟಿಜ್, ಒಂದು ಕಾಲದಲ್ಲಿ ನಮ್ಮಲ್ಲೂ ಓಡ್ತಿತ್ತಲ್ಲ ಅದು. ನಾವು ಹೋದಾಗ ಪೆಟ್ರೋಲ್ ಬಂಕ್ ಮಾತ್ರ ಕಷ್ಟ ಇತ್ತು, ಬಹಳ ಜನ ಗ್ಯಾಸ್ ಹಾಕಿಸ್ಕೊಂಡಿದ್ರು, ಪೆಟ್ರೋಲ್ ಸಿಕ್ಕಿದ್ರೂ ಹಲವು ಕಡೆ 80 ಆಕ್ಟೇನಿನ ಕಳಪೆ ಪೆಟ್ರೋಲು, ಎಂಜಿನ್ ಟಕಟಕ ಅಂತ ನಾಕ್ ಹೊಡೀತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತದೆ, ಏರಲ್ಲಿ ಒಂದು ಗೇರ್ ಕಮ್ಮಿ ಇಟ್ಕೊಂಡು ಓಡಿಸಿದ್ರೆ ಸುಧಾರಿಸುತ್ತೆ.

ಈಗ ಪಾಮೀರ್. ತಜಿಕಿಸ್ತಾನದ ಎಂ41 ಅನ್ನೋ ರೋಡು, ಪಾಮೀರ್ ಹೈವೇ. ಹೈವೇ ಅಂತ ಹೆಸರಿಗೆ. ಖೊರೋಗ್ ಅನ್ನೋ ಊರಿನ ತನಕ ಪಾಂಜ್ ನದಿ ಪಕ್ಕದಲ್ಲೇ ಹೋಗುತ್ತೆ, ನದಿ ಆಚೆ ಅಫ್ಘಾನಿಸ್ತಾನ, ಅಲ್ಲಿ ಕತ್ತೆ ಮೇಲೆ ಹೋಗೋನಿಗೆ ಇಲ್ಲಿಂದ ಕೈ ಬೀಸಬಹುದು, ಅಷ್ಟು ಹತ್ರ. ಆಮೇಲೆ ಏರು. ಅಕ್ ಬೈತಾಲ್ ಪಾಸ್ 4655 ಮೀಟರ್, ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1748. ಲಡಾಖಲ್ಲಿ ಡ್ಯೂಟಿ ಮಾಡಿರೋ ಮಾಜಿ ಸೈನಿಕರು ಇಲ್ಲೇ ಕೂತಿದ್ದೀರಿ, ಆ ಎತ್ತರದಲ್ಲಿ ಶೂ ಲೇಸ್ ಕಟ್ಟಿದ್ರೂ ಏದುಸಿರು ಬರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಂಜಿನ್ನಿಗೂ ಅದೇ ಕಥೆ. ಗಾಳಿ ಸಾಂದ್ರತೆ ನೂರಕ್ಕೆ ಅರವತ್ತರ ಆಸುಪಾಸು, 68 ಹಾರ್ಸ್‌ಪವರ್ ಗಾಡಿ 40 ಚಿಲ್ಲರೆಗೆ ಇಳಿಯುತ್ತೆ, ಅದರಲ್ಲಿ ಮೂರು ಜನ, ಎರಡು ಸ್ಟೆಪ್ನಿ, ಡಬ್ಬದಲ್ಲಿ ಪೆಟ್ರೋಲು. ಕಡಿದಾದ ಕಡೆ ಇಬ್ಬರು ಇಳಿದು ತಳ್ಳೋದು, ಓಡಿಸೋನು ಫಸ್ಟ್ ಗೇರಲ್ಲಿ ನಿಲ್ಲಿಸದೆ ಹೋಗ್ತಾ ಇರೋದು, ಮೇಲೆ ಎಲ್ಲೋ ಸಮ ಜಾಗ ಸಿಕ್ಕಾಗ ಕಾಯೋದು.

ಅಲ್ಲಿ ರೇಡಿಯೇಟರ್ ತೂತಾಯ್ತು. ಕಲ್ಲು ಹೊಡೆದು ಸೂಜಿ ಮೊನೆಯಷ್ಟು. ಕೆಳಗಿನ ಊರಲ್ಲಾದ್ರೆ ನೀರು ಹಾಕ್ಕೊಂಡು ಮನೆಗೆ ಹೋಗಬಹುದು, ಮೇಲೆ ಆಗಲ್ಲ. ಯಾಕೆ? ಆ ಎತ್ತರದಲ್ಲಿ ನೀರು 85 ಡಿಗ್ರಿ ಹತ್ರಕ್ಕೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪ್ ಕುಕ್ಕರ್ ವೆಯ್ಟ್ ತರ ಒತ್ತಡ ಹಿಡಿದಿಟ್ರೆ ಮಾತ್ರ ಕುದಿಯದೆ ಇರುತ್ತೆ, ತೂತಾದ್ರೆ ಒತ್ತಡ ನಿಲ್ಲಲ್ಲ, ನೀರೆಲ್ಲ ಹಬೆ. ನಾನು ಅರಿಶಿನಪುಡಿ ಡಬ್ಬ ತೆಗೆದೆ. ಹಳೇ ಜೀಪ್ ಡ್ರೈವರ್‌ಗಳಿಗೆ ಗೊತ್ತಿರುತ್ತೆ, ಪುಡಿ ಹೋಗಿ ತೂತಲ್ಲಿ ಉಬ್ಬಿ ಕೂರುತ್ತೆ. ಅಷ್ಟರಲ್ಲಿ ಕಿರ್ಗಿಸ್ತಾನದ ಓಶ್ ಪಟ್ಟಣದ ಕಡೆಯಿಂದ ಬಂದ ಒಂದು ಲಾರಿ ನಿಲ್ತು, ವಯಸ್ಸಾದ ಡ್ರೈವರ್ ಇಳಿದು ಬಂದು ಬಗ್ಗಿ ನೋಡಿ ಏನೂ ಮಾತಾಡದೆ ವಾಪಸ್ ಹೋಗಿ ಒಂದು ಪೊಟ್ಟಣ ತಂದ. ಸಾಸಿವೆ ಪುಡಿ. ರಷ್ಯಾ ಕಡೆ ಡ್ರೈವರ್‌ಗಳ ಔಷಧಿ ಅದು. ನನ್ನ ಕೈಲಿ ಅರಿಶಿನ, ಅವನ ಕೈಲಿ ಸಾಸಿವೆ, ಇಬ್ಬರಿಗೂ ಭಾಷೆ ಬರಲ್ಲ, ಇಬ್ಬರೂ ನಗ್ತಾ ನಿಂತ್ವಿ. ಅವನದ್ದೇ ಹಾಕಿದ್ವಿ, ಅವನ ಊರು, ಅವನ ರೋಡು. ಹನಿ ಹನಿ ಕಮ್ಮಿ ಆಗಿ ನಿಂತೋಯ್ತು. ನಾವು ದಾಟಿ ಬಂದಿದ್ದ ಮುರ್ಘಾಬ್ ಅನ್ನೋ ಊರಿನ ತನಕ ವಾಪಸ್ ಅವನ ಹಿಂದೇನೇ ಹೋದ್ವಿ, ಅಲ್ಲಿ ಅವನಿಗೆ ಪರಿಚಯದವರ ಮನೆ, ಒಳಗೆ ಕರ್ಕೊಂಡು ಹೋಗಿ ಶೀರ್ ಚಾಯ್ ಕೊಟ್ರು. ಚಹಾಕ್ಕೆ ಹಾಲು, ಉಪ್ಪು, ಬೆಣ್ಣೆ, ಅದರಲ್ಲಿ ರೊಟ್ಟಿ ಮುರಿದು ಹಾಕ್ಕೊಂಡು ತಿನ್ನೋದು. ದುಡ್ಡು ಕೊಡೋಕೆ ಹೋದ್ರೆ ಬೈದ್ರು, ಭಾಷೆ ಬರದಿದ್ರೂ ಬೈಗುಳ ಗೊತ್ತಾಗುತ್ತೆ.

ನನಗೆ ಅಲ್ಲಿಂದ ತಲೆ ಕೊರೆಯೋಕೆ ಶುರು ಆಗಿದ್ದು. ನಮ್ಮ ಬಾಗಿಲ ಮೇಲೆ ಚಾರಿಟಿ ರ‍್ಯಾಲಿ ಅಂತ ಬರ್ಕೊಂಡಿದ್ದೀವಿ, ತಿಂತಿರೋದು ಅವರ ರೊಟ್ಟಿ. ಆ ಊರುಗಳಿಗೆ ನಿಜವಾದ ಸಹಾಯ ಹೇಗೆ ಬಂದಿತ್ತು ಗೊತ್ತಾ? 1991ರಲ್ಲಿ ಸೋವಿಯತ್ ಒಡೆದೋಯ್ತು, 1992ರಿಂದ ತಜಿಕಿಸ್ತಾನಲ್ಲಿ ಅಂತರ್ಯುದ್ಧ, ಆ ಗುಡ್ಡದ ಮೇಲಿನ ಜನಕ್ಕೆ ಊಟ ಎಲ್ಲಾ ಹೊರಗಿಂದ ಬರ್ತಿದ್ದಿದ್ದು ನಿಂತೋಯ್ತು, ಬರಗಾಲ ಬರೋ ಸ್ಥಿತಿ. ಆಗ ಆಗಾ ಖಾನ್ ಫೌಂಡೇಶನ್‌ನವರು ಇದೇ ಓಶ್ ರೋಡಲ್ಲಿ ಲಾರಿಗಟ್ಟಲೆ ಹಿಟ್ಟು ಎಣ್ಣೆ ಕಳಿಸಿದ್ರು, ಒಂದು ಸಲ ಫೋಟೋ ತೆಗೆಸ್ಕೊಂಡು ಹೋಗಿದ್ದಲ್ಲ, ವರ್ಷಗಟ್ಟಲೆ, ಜೊತೆಗೆ ಬಿತ್ತನೆ ಬೀಜ ಕೊಟ್ಟು ಜನ ಅವರ ನೆಲದಲ್ಲೇ ಬೆಳ್ಕೊಳ್ಳೋ ಹಾಗೆ ಮಾಡಿದ್ರು. ಆ ರೋಡಲ್ಲಿ ನಮ್ಮ ಆಲ್ಟೊ, ಡಿಕ್ಕಿಲಿ ಮಕ್ಕಳಿಗೆ ಹಂಚೋಕೆ ಪೆನ್ನು, ಚಾಕಲೇಟು. ಕೆಲವು ಟೀಮಿನವರು ಓಡ್ತಿರೋ ಕಾರಿಂದಾನೇ ಎಸೀತಿದ್ರು, ಮಕ್ಕಳು ರೋಡಿಗೆ ಓಡಿ ಬರೋದು. ಅದು ನನಗೆ ಸ್ವಲ್ಪಾನೂ ಹಿಡಿಸಲಿಲ್ಲ, ನಮ್ಮದನ್ನ ಒಂದು ಊರಿನ ಸ್ಕೂಲ್ ಟೀಚರ್ ಕೈಗೆ ಕೊಟ್ಟು ಮುಗಿಸಿದ್ವಿ.

ನಮಗೇನು ಇದು ಗೊತ್ತಿಲ್ಲದ್ದಲ್ಲ. 2018ರ ಆಗಸ್ಟಲ್ಲಿ ನಮ್ಮ ಕೊಡಗಲ್ಲಿ ಗುಡ್ಡ ಕುಸಿದು ಜೋಡುಪಾಲ, ಮಕ್ಕಂದೂರು ಕಡೆ ಜನ ಉಟ್ಟ ಬಟ್ಟೇಲಿ ಓಡಿ ಬಂದಾಗ ಎಲ್ಲೆಲ್ಲಿಂದಾನೋ ಲಾರಿ ಬಂದವು. ಒಳ್ಳೇ ಮನಸ್ಸೇ, ಇಲ್ಲ ಅನ್ನಲ್ಲ. ನಾನು ಹೋಗಿದ್ದ ಕ್ಯಾಂಪಲ್ಲಿ ಒಂದು ರೂಮು ಪೂರ್ತಿ ಹಳೇ ಬಟ್ಟೆ, ಬಟನ್ ಇಲ್ಲದ ಶರ್ಟು, ಜರಿ ಸೀರೆ, ಯಾರದ್ದೋ ಮದುವೆ ಕೋಟು, ಮಳೆಗೆ ಮುಗ್ಗಲು ಹಿಡಿದು ಕೂತಿತ್ತು. ಅದೇ ಹೊತ್ತಲ್ಲಿ ಹೆಣ್ಮಕ್ಕಳಿಗೆ ಒಳಬಟ್ಟೆ ಇರ್ಲಿಲ್ಲ, ಶುಗರ್ ಮಾತ್ರೆಗೆ ಪರದಾಟ. ಏನು ಬೇಕು ಅಂತ ಕೇಳದೆ ಲೋಡ್ ತುಂಬಿದ್ರೆ ಆಗೋದು ಹಾಗೇನೇ.

ಅದಕ್ಕೆ ನಾನು ಹೇಳೋದು, ಕಾರು ಓಡೋದ್ರಿಂದ ಯಾರಿಗೂ ಒಂದು ರೂಪಾಯಿ ಸಿಗಲ್ಲ. ಹೊರಡೋಕೆ ಮುಂಚೆ ಕೇಳಿ ಎತ್ತಿದ ದುಡ್ಡು ಅದೊಂದೇ ಚಾರಿಟಿ, ಮಿಕ್ಕಿದ್ದೆಲ್ಲ ನಮ್ಮ ಶೋಕಿ. ಶೋಕಿ ತಪ್ಪಲ್ಲ, ಆದ್ರೆ ಅದರ ಖರ್ಚು ನಮ್ಮ ಜೇಬಿಂದ. ಈ ರ‍್ಯಾಲಿಲಿ 1000 ಪೌಂಡಲ್ಲಿ 500 ಕೂಲ್ ಅರ್ಥ್ ಅಂತ ಮಳೆಕಾಡು ಉಳಿಸೋ ಸಂಸ್ಥೆಗೆ ಹೋಗುತ್ತೆ, ಅವರು ಕಾಡಲ್ಲೇ ಇರೋ ಜನರ ಜೊತೆ ಕೆಲಸ ಮಾಡ್ತಾರೆ, ಮಿಕ್ಕಿದ್ದು ಟೀಮಿಗೆ ಇಷ್ಟ ಬಂದ ಕಡೆ. ಎಂಟ್ರಿ ಫೀಸ್ ಬೇರೆ, ಕಾರು, ವೀಸಾ, ಪೆಟ್ರೋಲ್ ಬೇರೆ. ನಗ್ತಾ ಇದ್ದೀರಿ, ಪೆಟ್ರೋಲ್ ಸುಟ್ಟು ಕಾಡು ಉಳಿಸೋದಾ ಅಂತ. ಲೆಕ್ಕ ಹಾಕಿದ್ದೀನಿ, 16 ಸಾವಿರ ಕಿಲೋಮೀಟರ್, ಲೀಟರ್‌ಗೆ 18 ಅಂದ್ರೆ 900 ಲೀಟರ್ ಹತ್ರ, ಲೀಟರ್‌ಗೆ ಎರಡು ಕಾಲು ಕೆಜಿ ಮೇಲೆ ಕಾರ್ಬನ್ ಡೈಆಕ್ಸೈಡ್, ಒಟ್ಟು 2 ಟನ್. ಆ ನಗು ನ್ಯಾಯವಾದದ್ದೇ. ನಮ್ಮ ಟೀಮಲ್ಲಿ ಎರಡು ಪುಸ್ತಕ ಇಟ್ಟಿದ್ವಿ, ಒಂದು ಚಂದಾ ಪುಸ್ತಕ, ಒಂದು ಖರ್ಚಿನ ಪುಸ್ತಕ, ಒಂದರಿಂದ ಇನ್ನೊಂದಕ್ಕೆ ಒಂದು ಪೈಸೆ ದಾಟಿಲ್ಲ. ದುಡ್ಡು ಕೊಟ್ಟವರು ಕೇಳಿದ್ರೆ ಎರಡನ್ನೂ ತೋರಿಸೋ ಹಾಗಿತ್ತು.

ಮಂಗೋಲಿಯಾ ಬೇಗ ಹೇಳ್ತೀನಿ. ಪಶ್ಚಿಮದ ಕಡೆ ರೋಡು ಅನ್ನೋದು ಬಯಲಲ್ಲಿ ಹತ್ತು ಕವಲು, ಯಾವುದು ಹಿಡಿದ್ರೂ ಮುಂದೆ ಎಲ್ಲೋ ಸೇರ್ತವೆ, ಇಲ್ಲಾಂದ್ರೆ ಹೊಳೆಲಿ ಮುಗೀತವೆ. ಮಣ್ಣು ರೋಡು ಉದ್ದಕ್ಕೂ ಸಣ್ಣ ಸಣ್ಣ ಏರು ತಗ್ಗು, ಶಾಕಪ್ಸ್, ಅಂದ್ರೆ ಶಾಕ್ ಅಬ್ಸಾರ್ಬರ್, ಒಂದೇ ಸಮ ಕುಣಿದು ಒಳಗಿನ ಆಯಿಲ್ ಕಾದು ತೆಳ್ಳಗಾಗಿ ಕೆಲಸ ಬಿಟ್ಟುಬಿಡುತ್ತೆ, ಆಮೇಲೆ ಮೌಂಟಿಂಗೇ ಕಿತ್ತು ಬರುತ್ತೆ. ಟೈರ್ ಗಾಳಿ ಸ್ವಲ್ಪ ಇಳಿಸಿ, ಗಂಟೆಗೊಂದು ಸಲ ನಿಂತು ಶಾಕಪ್ಸ್ ಮುಟ್ಟಿ ನೋಡಿ, ಕೈ ಸುಟ್ರೆ ಚಹಾ ಕುಡೀರಿ. ಕುದುರೆ ಹಾಲು ಹುಳಿ ಬರಿಸಿದ ಐರಗ್ ಕೊಡ್ತಾರೆ, ಕುಡಿದೆ, ಪರವಾಗಿಲ್ಲ, ಎರಡನೇ ಬಟ್ಟಲು ಬೇಡ ಅನ್ನೋದು ಕಷ್ಟ. ಮೊದಲ ವರ್ಷಗಳಲ್ಲಿ ಬಂದ ಕಾರುಗಳನ್ನ ಉಲಾನ್‌ಬಾಟರಲ್ಲಿ ಹರಾಜು ಹಾಕಿ ಆ ದುಡ್ಡೂ ಚಾರಿಟಿಗೆ ಕೊಡ್ತಿದ್ರು, ಆಮೇಲೆ ಆಮದು ತೆರಿಗೆ ತೊಡಕಾಗಿ ಫಿನಿಶ್ ಲೈನ್ ರಷ್ಯಾದ ಉಲಾನ್ ಉಡೆಗೆ ಹೋಯ್ತು, ನಾವು ಮುಗಿಸಿದ್ದೂ ಅಲ್ಲೇ, ಕಾರು ರೈಲು ಹತ್ತಿ ವಾಪಸ್. ಸರಿ ಆಯ್ತು ಅಂತಲೇ ನನ್ನ ಅಭಿಪ್ರಾಯ. ಯುರೋಪಿನೋರು ಗುಜರಿಗೆ ಹಾಕೋ ಗಾಡಿನ ಬಡ ದೇಶದಲ್ಲಿ ಬಿಟ್ಟು ಬಂದು ದಾನ ಅನ್ನೋದು ನನಗೆ ಒಪ್ಪಿಗೆ ಇಲ್ಲ, ಸ್ಪೇರ್ ಯಾರು ತಂದುಕೊಡ್ತಾರೆ?

ಇನ್ನೊಂದು. ಇದು ತಮಾಷೆ ಅಂತ ಹೊರಡಬೇಡಿ. 2010ರಲ್ಲಿ ಇರಾನಲ್ಲಿ ಆದ ಆಕ್ಸಿಡೆಂಟಲ್ಲಿ ಈ ರ‍್ಯಾಲಿಯ ಒಬ್ಬ ಹುಡುಗ ತೀರಿಹೋದ. ನಾವು ಕತ್ತಲಾದ ಮೇಲೆ ಓಡಿಸ್ತಿರ್ಲಿಲ್ಲ, ಎಷ್ಟೇ ಲೇಟಾಗ್ಲಿ.

ಹಿಂದಿನ ಸಾಲಲ್ಲಿ ಒಬ್ಬರು ಕೇಳಿದ್ರು, ಇಲ್ಲಿಂದಾನೇ ನಮ್ಮ ಕೊಡಗಿನ ಕೆಎ-12 ನಂಬರ್ ಗಾಡಿ ತಗೊಂಡು ಹೋಗಬಹುದಾ ಅಂತ. ನೇಪಾಳ, ಭೂತಾನ್ ಆದ್ರೆ ಸುಲಭ, ಬಾರ್ಡರಲ್ಲೇ ಪರ್ಮಿಟ್ ಆಗುತ್ತೆ. ಅದರಾಚೆಗೆ ಇರಾನ್ ತರದ ದೇಶಕ್ಕೆ ಕಾರ್ನೆ ಅಂತ ಬೇಕು, ಗಾಡಿಯ ಪಾಸ್‌ಪೋರ್ಟು ಅದು. ನೀವು ಅಲ್ಲಿ ಗಾಡಿ ಮಾರಿಬಿಟ್ರೆ ಅವರ ತೆರಿಗೆ ಕಟ್ಟೋರು ಯಾರು ಅಂತ, ಅದಕ್ಕೆ ಗಾಡಿ ಬೆಲೆಗೆ ತಕ್ಕ ಬ್ಯಾಂಕ್ ಗ್ಯಾರಂಟಿ ಇಡಬೇಕು. ಮುಂಬೈನ ಆಟೋಮೊಬೈಲ್ ಅಸೋಸಿಯೇಶನ್ನವರು ಕೊಡ್ತಾರೆ. ಇಂಟರ್‌ನ್ಯಾಷನಲ್ ಲೈಸೆನ್ಸ್ ಆರ್‌ಟಿಒದಲ್ಲೇ ಆಗುತ್ತೆ, ಒಂದು ವರ್ಷ ನಡೆಯುತ್ತೆ. ಚೀನಾ ಮೂಲಕ ಹೋದ್ರೆ ಅವರ ಗೈಡ್ ಜೊತೆಗೆ ಬೇಕು, ಆ ಖರ್ಚಲ್ಲಿ ಇಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಓಮ್ನಿ ಬರುತ್ತೆ.

ಇನ್ನೊಬ್ಬರು ಅಕ್ಕ ಕೇಳಿದ್ದು ಒಳ್ಳೇ ಪ್ರಶ್ನೆ, ಕಾರು ಓಡಿಸದೇನೇ ದುಡ್ಡು ಎತ್ತಬಹುದಲ್ವಾ? ಎತ್ತಬಹುದು, ಜನ ಕೊಡಲ್ಲ ಅಷ್ಟೇ. ಸುಮ್ನೆ ಹೋಗಿ ಸ್ಕೂಲಿಗೆ ಶೀಟ್ ಹಾಕಿಸಬೇಕು ಅಂದ್ರೆ ನೂರು ರೂಪಾಯಿ ಕೊಟ್ಟು ಕಳಿಸ್ತಾರೆ. ಇವತ್ತು ಎಲ್ಲಿದ್ದೀರಿ, ರೇಡಿಯೇಟರ್ ಸರಿ ಆಯ್ತಾ ಅಂತ ವಾಟ್ಸಾಪಲ್ಲಿ ದಿನಾ ಕೇಳೋರು ಎರಡನೇ ಸಲಾನೂ ಕೊಡ್ತಾರೆ. ಕೊಡವರ ಒಂದು ಒಕ್ಕ, ಅಂದ್ರೆ ಮನೆತನ, ಸೇರಿ ಹಾಕಿ ಆಟದ ಹಬ್ಬ 'ಹಾಕಿ ನಮ್ಮೆ' ನಡೆಸಿದ್ರೆ ಜಿಲ್ಲೆನೇ ಬಂದು ಕೂರಲ್ವಾ, ಹಾಗೇ, ನೋಡೋಕೆ ಏನೋ ಇರಬೇಕು. ಮಾಡೋದಾದ್ರೆ ನಮ್ಮಲ್ಲೇ ಮಾಡಿ, ಭತ್ತ ಕೊಯ್ದು ಗದ್ದೆ ಖಾಲಿ ಆದಾಗ, ಮಾರುತಿ 800, ಓಮ್ನಿ ಮಾತ್ರ. ಎಂಟ್ರಿ ಫೀಸಲ್ಲಿ ಮೊದಲು ಆಂಬುಲೆನ್ಸ್, ಇನ್ಶೂರೆನ್ಸ್ ತೆಗೀರಿ, ಚಂದಾ ಬೇರೆ ಅಕೌಂಟಿಗೆ. ರಿಜಿಸ್ಟರ್ ಆದ ಟ್ರಸ್ಟ್ ಮೂಲಕ ಹೋಗಿ, ದಾನಕ್ಕೆ ತೆರಿಗೆ ವಿನಾಯಿತಿ ಸಿಗೋ ರಸೀದಿ ಕೇಳೋರು ಇರ್ತಾರೆ, ಎರಡು ಸಾವಿರಕ್ಕಿಂತ ಮೇಲೆ ಕ್ಯಾಶ್ ಕೊಟ್ರೆ ಅದಕ್ಕೆ ವಿನಾಯಿತಿ ಸಿಗಲ್ಲ, ಮೊದಲೇ ಹೇಳಿಬಿಡಿ. ದುಬೈ, ಕೆನಡಾದಲ್ಲಿರೋ ಮಕ್ಕಳು ಕಳಿಸ್ತೀವಿ ಅಂದ್ರೆ ಅವರು ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿದ್ದಾರಾ, ಅಲ್ಲಿನ ಸಿಟಿಜನ್ ಆಗಿದ್ದಾರಾ ಅಂತ ಕೇಳಿ, ಸಿಟಿಜನ್ ಆಗಿದ್ರೆ ಅದು ಫಾರಿನ್ ದುಡ್ಡು, ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಪರ್ಮಿಟ್ ಇಲ್ಲದ ಟ್ರಸ್ಟ್ ಮುಟ್ಟೋ ಹಾಗಿಲ್ಲ. ಗಾಡಿ ಚೆಕ್ ಮಾಡೋ ಕೆಲಸ ನಾನು ಬಿಟ್ಟಿ ಮಾಡಿಕೊಡ್ತೀನಿ, ಬ್ರೇಕ್ ಸರಿ ಇಲ್ಲದ ಗಾಡಿನ ಮಾತ್ರ ಗದ್ದೆಗೆ ಇಳಿಸೋಕೆ ಬಿಡಲ್ಲ, ಅದು ಯಾರ ಗಾಡಿ ಆದ್ರೂ ಸರಿ.